ಹಣ ‘ಬಂದಿದೆ’ ಅಂದರೆ ನಿಜಕ್ಕೂ ಬಂದಿದೆಯಾ? ಆನ್‌ಲೈನ್‌ನಲ್ಲಿ ಹೊಸದಾಗಿ ಮಾರುವವರು ತಿಳಿದಿರಬೇಕಾದ ಮೋಸಗಳು

ಮೂಲೆಗೆ ಬಿದ್ದಿದ್ದ ಒಂದು ಕ್ಯಾಮೆರಾ. ಒರೆಸಿ, ಫೋಟೊ ತೆಗೆದು, ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದೀರಿ. ಸ್ವಲ್ಪ ಹೊತ್ತಿಗೇ ಮೆಸೇಜ್ ಬರುತ್ತದೆ.

“ಇನ್ನೂ ಇದೆಯಾ? ನಾನೇ ತಗೋತೀನಿ, ಬೇರೆ ಯಾರಿಗೂ ಕೊಡ್ಬೇಡಿ. ನಾನು ಊರಲ್ಲಿಲ್ಲ, ಕೊರಿಯರ್‌ನವರು ಬಂದು ತಗೊಂಡು ಹೋಗ್ತಾರೆ. ದುಡ್ಡು ಈಗ್ಲೇ ಹಾಕ್ತೀನಿ. ನಿಮ್ಮ ಇಮೇಲ್, ಫೋನ್ ನಂಬರ್ ಕಳ್ಸಿ.”

ಚೌಕಾಸಿ ಇಲ್ಲ. ಲೆನ್ಸ್ ಮೇಲೆ ಗೀರು ಇದೆಯಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವ ಪ್ರಶ್ನೆಯೂ ಇಲ್ಲ. ಮೊದಲ ಸಲ ಮಾರುತ್ತಿರುವವರಿಗೆ ಇದು ಅದೃಷ್ಟ ಅನ್ನಿಸುತ್ತದೆ. ವರ್ಷಗಟ್ಟಲೆ ಮಾರಿ ಪಳಗಿದವರು ಉತ್ತರವನ್ನೂ ಕೊಡದೆ ಬ್ಲಾಕ್ ಮಾಡುತ್ತಾರೆ.

ಆನ್‌ಲೈನ್ ಮೋಸ ಅಂದ ಕೂಡಲೇ ನಮಗೆ ನೆನಪಾಗುವುದು ಕೊಳ್ಳುವವರು ಏಮಾರುವ ಕಥೆ. ಫೋನ್ ಆರ್ಡರ್ ಮಾಡಿದರೆ ಸೋಪು ಬಂತು ಅನ್ನುವಂಥದ್ದು. ಮಾರುವವರೂ ಅಷ್ಟೇ ಸುಲಭವಾಗಿ ಏಮಾರುತ್ತಾರೆ, ಆದರೆ ಆ ಮಾತು ಕಡಿಮೆ. ಆನ್‌ಲೈನ್ ಮಾರುಕಟ್ಟೆ ಈಬೇ ಶುರುವಾಗಿದ್ದು 1995ರಲ್ಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಬಂದಿದ್ದು 2016ರಲ್ಲಿ. ಈಗ ಕೈಯಲ್ಲಿ ಫೋನ್ ಇದ್ದವರೆಲ್ಲ ಮಾರಾಟಗಾರರೇ. ವ್ಯಾಪಾರ ಮಾಡಿ ಗೊತ್ತಿಲ್ಲದ ಇವರೇ ಮೋಸಗಾರರಿಗೆ ಬೇಕಾದವರು.

ಮೋಸದ ವೇಷಗಳು ಹತ್ತಾರು. ಒಂದೊಂದನ್ನೂ ಬಾಯಿಪಾಠ ಮಾಡಿಕೊಳ್ಳುವುದು ಆಗದ ಮಾತು. ಹೆಚ್ಚಿನವು ಒಂದೇ ಸಂದಿಯಲ್ಲಿ ನುಸುಳುತ್ತವೆ. ಹಣ ಬಂದ ಹಾಗೆ ಕಾಣುವ ಹೊತ್ತಿಗೂ, ಅದು ಇನ್ನು ವಾಪಸ್ ಹೋಗದು ಅನ್ನುವ ಹೊತ್ತಿಗೂ ನಡುವೆ ಇರುವ ಸಂದಿ ಅದು. ವಸ್ತು ನಿಮ್ಮ ಕೈಬಿಡುವುದು ಆ ಸಂದಿಯಲ್ಲೇ ಆಗಲಿ ಅನ್ನುವುದೇ ಮೋಸಗಾರನ ಲೆಕ್ಕ.

## ಮೊದಲು ಹಣದ ದಾರಿ ನೋಡೋಣ

ಎದುರಿಗೆ ನಿಂತು ನೋಟು ಕೊಟ್ಟರೆ ಹಣ ಕೈಗೆ ಬಂತು, ಕಥೆ ಮುಗಿಯಿತು. ಆನ್‌ಲೈನ್‌ನಲ್ಲಿ ಅದು ಹಂತಹಂತವಾಗಿ ಬರುತ್ತದೆ. ಮೊದಲು “ಪೇಮೆಂಟ್ ಆಗಿದೆ” ಅನ್ನುವ ಸುದ್ದಿ. ಆಮೇಲೆ ಖಾತೆಯಲ್ಲಿ ಅಂಕಿ ಕಾಣುತ್ತದೆ. ಅದಾದ ಮೇಲೆ ಬ್ಯಾಂಕುಗಳ ನಡುವಿನ ಲೆಕ್ಕ ತೀರುತ್ತದೆ. ಕೊಳ್ಳುವವರು ತಕರಾರು ಎತ್ತಬಹುದಾದ ಅವಧಿ ಮುಗಿಯುವುದು ಇನ್ನೂ ಎಷ್ಟೋ ದಿನಗಳ ಮೇಲೆ. ಸುದ್ದಿಯನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಅಂಕಿ ಕಾಣಿಸಿದ ಮೇಲೂ ಮಾಯವಾಗಬಹುದು.

ಇಲ್ಲಿ ಎರಡು ಪದ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಒಂದು, ಎಸ್ಕ್ರೋ. ಪಂದ್ಯ ಕಟ್ಟಿದವರು ಇಬ್ಬರ ದುಡ್ಡನ್ನೂ ಮೂರನೆಯವರ ಕೈಗೆ ಕೊಟ್ಟಿರುತ್ತಾರಲ್ಲ, ಹಾಗೆ. ಕೊಳ್ಳುವವರು ಕೊಟ್ಟ ಹಣವನ್ನು ಮಾರುಕಟ್ಟೆ ನಡೆಸುವ ಕಂಪನಿ ತಾನು ಇಟ್ಟುಕೊಳ್ಳುತ್ತದೆ. ವಸ್ತು ತಲುಪಿತು ಅಂತ ಖಾತ್ರಿಯಾದ ಮೇಲೆ ನಿಮಗೆ ಬಿಡುತ್ತದೆ. ಎಲ್ಲ ಮಾರುಕಟ್ಟೆಗಳಲ್ಲೂ ಇದು ಇರುವುದಿಲ್ಲ. ಸುಮ್ನೆ ಜಾಹೀರಾತು ಹಾಕಲು ಜಾಗ ಕೊಟ್ಟು, ಹಣದ ವಿಷಯ ನೀವೇ ನೋಡಿಕೊಳ್ಳಿ ಅನ್ನುವವೂ ಇವೆ. ನೀವು ಮಾರುವ ಜಾಗ ಯಾವ ತರದ್ದು ಅಂತ ಜಾಹೀರಾತು ಹಾಕುವ ಮೊದಲೇ ತಿಳಿದುಕೊಳ್ಳಿ.

ಇನ್ನೊಂದು, ಚಾರ್ಜ್‌ಬ್ಯಾಕ್. ಕಾರ್ಡ್‌ನಿಂದ ಹಣ ಕೊಟ್ಟವರು ತಮ್ಮ ಬ್ಯಾಂಕಿಗೆ ಹೇಳಿ ಅದನ್ನು ವಾಪಸ್ ಎಳೆದುಕೊಳ್ಳುವುದು. ವಸ್ತು ಬರಲೇ ಇಲ್ಲ, ಹೇಳಿದ್ದೊಂದು ಬಂದಿದ್ದೊಂದು, ಈ ಖರ್ಚು ನಾನು ಮಾಡಿಯೇ ಇಲ್ಲ – ಹೀಗೆ ಕಾರಣ ಕೊಡಬೇಕು. ಇದು ಹುಟ್ಟಿದ್ದು ಗ್ರಾಹಕರ ರಕ್ಷಣೆಗೆ. ಅಮೆರಿಕದಲ್ಲಿ 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಬಿಲ್ಲಿನ ಬಗ್ಗೆ ತಕರಾರು ಎತ್ತುವ ಹಕ್ಕು ಕೊಟ್ಟಿತು. ಇಂದು ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಹೆಚ್ಚಿನ ತಕರಾರುಗಳಿಗೆ ಸುಮಾರು 120 ದಿನಗಳ ಅವಕಾಶವಿದೆ. ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಸೇವೆಯಲ್ಲಿ ಹಣ ಕೊಟ್ಟ ದಿನದಿಂದ 180 ದಿನಗಳವರೆಗೆ ತಕರಾರು ಹಾಕಬಹುದು. ಅಂದರೆ ನೀವು ಮಾರಿ, ಹಣ ಖರ್ಚು ಮಾಡಿ, ಮರೆತೇಬಿಟ್ಟ ಮೇಲೂ ಲೆಕ್ಕ ಮತ್ತೆ ತೆರೆಯಬಹುದು.

## ಬಾರದ ಹಣವನ್ನು ಬಂದಂತೆ ತೋರಿಸುವುದು

ಕ್ಯಾಮೆರಾಗೆ ಬಂದ ಆ ಮೆಸೇಜ್ ಇಮೇಲ್ ಐಡಿ ಯಾಕೆ ಕೇಳಿತು? ಅಲ್ಲಿಗೆ ಸುಳ್ಳು ರಸೀದಿ ಕಳಿಸಲು. ಸ್ವಲ್ಪ ಹೊತ್ತಿಗೆ ಪೇಮೆಂಟ್ ಕಂಪನಿಯ ಲೋಗೊ, ಬಣ್ಣ, ಅಕ್ಷರ ಎಲ್ಲ ಹಾಗೇ ಇರುವ ಒಂದು ಮೇಲ್ ಬರುತ್ತದೆ. “ನಿಮಗೆ ಹಣ ಬಂದಿದೆ. ನಿಮ್ಮ ಸುರಕ್ಷತೆಗಾಗಿ ತಡೆಹಿಡಿದಿದ್ದೇವೆ. ವಸ್ತು ಕಳಿಸಿ ಟ್ರ್ಯಾಕಿಂಗ್ ನಂಬರ್ ಕೊಟ್ಟ ತಕ್ಷಣ ಬಿಡುಗಡೆಯಾಗುತ್ತದೆ.”

ಇದು ಜಾಣ ಸುಳ್ಳು. ಖಾತೆ ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ. ಆದರೆ ಯಾಕೆ ಇಲ್ಲ ಅನ್ನುವುದಕ್ಕೆ ಮೇಲ್‌ನಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಅನುಮಾನ ಬರುವ ಮೊದಲೇ ಸಮಾಧಾನ ತಯಾರು. ಇಂಥ ಮೇಲ್ ಬಂದಾಗ ಕಳಿಸಿದವರ ಹೆಸರು ನೋಡಿ ಸುಮ್ಮನಾಗಬೇಡಿ. ಆ ಹೆಸರನ್ನು ಮುಟ್ಟಿದರೆ ಪೂರ್ತಿ ವಿಳಾಸ ಕಾಣುತ್ತದೆ. ಅಲ್ಲಿ ಯಾವುದೋ ಉಚಿತ ಮೇಲ್ ವಿಳಾಸವೋ, ಕಂಪನಿಯ ಹೆಸರಿಗೆ ಒಂದಕ್ಷರ ಕೂಡಿಸಿದ ವಿಳಾಸವೋ ಇರುತ್ತದೆ. ಅಲ್ಲೂ ಕೈಚಳಕ ಮಾಡುವವರಿದ್ದಾರೆ. ಅದಕ್ಕೇ ಮೇಲ್‌ನ ಮೇಲೆ ಸಂಶೋಧನೆ ಮಾಡುತ್ತ ಕೂರುವುದಕ್ಕಿಂತ ನಿಮ್ಮ ಆ್ಯಪ್ ತೆರೆದು ನೋಡುವುದು ಒಳ್ಳೆಯದು. ಮೇಲ್‌ನಲ್ಲಿರುವ ಲಿಂಕ್ ಒತ್ತದೆ, ನೀವೇ ತೆರೆದು. ಅಲ್ಲಿ ಕಾಣದಿದ್ದರೆ ಹಣ ಬಂದಿಲ್ಲ.

ಸ್ಕ್ರೀನ್‌ಶಾಟ್‌ಗೂ ಇದೇ ಮಾತು. ಹಣ ಕಳಿಸಿದಂತೆ ನಕಲಿ ಪರದೆ ತೋರಿಸುವ ಆ್ಯಪ್‌ಗಳೇ ಇವೆ. ಹೆಸರು, ಮೊತ್ತ, ಸಮಯ ತುಂಬಿದರೆ ಹಸಿರು ಟಿಕ್ ಸಮೇತ ತಯಾರು. ಬ್ಯಾಂಕಿನಿಂದ ಬಂದಂತೆ ಕಾಣುವ ಎಸ್‌ಎಂಎಸ್ ಕೂಡ ಹೀಗೇ ಬರಬಹುದು. ನಿಮ್ಮ ಖಾತೆಯ ಬಾಕಿ ಎಷ್ಟು ಅನ್ನುವುದನ್ನು ಎದುರಿನವರ ಫೋನ್ ಹೇಳಲಾರದು, ಅಲ್ವಾ?

## “ಅಯ್ಯೋ, ಜಾಸ್ತಿ ಹಾಕಿಬಿಟ್ಟೆ”

ಇದು ಹಳೆಯ ಮೋಸ. ಇಂಟರ್ನೆಟ್‌ಗಿಂತ ಮೊದಲೂ ಚೆಕ್‌ಗಳಲ್ಲಿ ನಡೆಯುತ್ತಿತ್ತು. ಕೊಳ್ಳುವವರು ಒಪ್ಪಿದ್ದಕ್ಕಿಂತ ಹೆಚ್ಚಿನ ಮೊತ್ತದ ಚೆಕ್ ಕೊಡುತ್ತಾರೆ. “ತಪ್ಪಾಯ್ತು, ಉಳಿದದ್ದನ್ನು ವಾಪಸ್ ಹಾಕಿ” ಅನ್ನುತ್ತಾರೆ. ಇಲ್ಲವೇ “ಉಳಿದದ್ದನ್ನು ಸಾಗಣೆಯವನಿಗೆ ಕೊಟ್ಟುಬಿಡಿ” ಅನ್ನುತ್ತಾರೆ.

ಕೆಲವು ಕಡೆ ಬ್ಯಾಂಕುಗಳು ಚೆಕ್ ಪೂರ್ತಿ ಇತ್ಯರ್ಥವಾಗುವ ಮೊದಲೇ ಹಣವನ್ನು ಬಳಸಲು ಬಿಡುತ್ತವೆ. ಅದನ್ನು ನೋಡಿ ನೀವು ನಂಬುತ್ತೀರಿ. ಉಳಿದ ಹಣವನ್ನು ನಿಮ್ಮ ಜೇಬಿನಿಂದ ಕಳಿಸುತ್ತೀರಿ. ಕೆಲವು ದಿನ, ಕೆಲವೊಮ್ಮೆ ವಾರಗಳ ಮೇಲೆ ಚೆಕ್ ನಕಲಿ ಅಂತ ತಿಳಿಯುತ್ತದೆ. ಬ್ಯಾಂಕ್ ತನ್ನ ಹಣವನ್ನು ನಿಮ್ಮ ಖಾತೆಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ನೀವು ಕಳಿಸಿದ್ದು ಮಾತ್ರ ವಾಪಸ್ ಬರುವುದಿಲ್ಲ, ಯಾಕೆಂದರೆ ಅದು ನಿಜವಾದ ಹಣವಾಗಿತ್ತು.

ಇದರ ಹೊಸ ರೂಪ ಅಮೆರಿಕದಲ್ಲಿ ಝೆಲ್ ಅನ್ನುವ ಹಣ ಕಳಿಸುವ ಸೇವೆ ಬಳಸುವವರ ಮೇಲೆ ನಡೆಯುತ್ತಿದೆ. “ನಿಮ್ಮ ಖಾತೆ ಬಿಸಿನೆಸ್ ಖಾತೆಗೆ ಬದಲಾಗಬೇಕು, ಅದಕ್ಕಾಗಿ ಕೊಳ್ಳುವವರು ಹೆಚ್ಚಿನ ಹಣ ಹಾಕಿದ್ದಾರೆ, ಅವರಿಗೆ ಅದನ್ನು ಮರಳಿಸಿ” ಅನ್ನುವ ನಕಲಿ ಮೇಲ್ ಬರುತ್ತದೆ. ಮಾರುವವರು ಪಾಪ, ಬಂದೇ ಇಲ್ಲದ ಹಣವನ್ನು ಮರಳಿಸುತ್ತಾರೆ.

ಒಪ್ಪಿದ್ದಕ್ಕಿಂತ ಒಂದು ಪೈಸೆ ಜಾಸ್ತಿ ಬಂದರೂ ವ್ಯಾಪಾರ ಅಲ್ಲಿಗೇ ನಿಲ್ಲಿಸಿ. ನಿಜವಾಗಿ ತಪ್ಪಿ ಹಾಕಿದ್ದರೆ ಅವರು ತಮ್ಮ ಬ್ಯಾಂಕ್ ಮೂಲಕ ಅದೇ ದಾರಿಯಲ್ಲಿ ವಾಪಸ್ ಪಡೆಯಲಿ. ನೀವು ಬೇರೆ ದಾರಿಯಲ್ಲಿ ಕಳಿಸಬೇಡಿ.

## ಹಣ ಪಡೆಯಲು ಲಿಂಕ್, ಪಿನ್, ಕೋಡ್

“ಹಣ ಹಾಕಿದ್ದೇನೆ, ಈ ಲಿಂಕ್ ಒತ್ತಿ ಪಡೆದುಕೊಳ್ಳಿ.” ಒತ್ತಿದರೆ ನೀವು ಮಾರುತ್ತಿರುವ ಮಾರುಕಟ್ಟೆಯದ್ದೇ ಪುಟ ಅನ್ನಿಸುವಂಥದ್ದು ತೆರೆಯುತ್ತದೆ. ನಿಮ್ಮ ಕ್ಯಾಮೆರಾದ ಫೋಟೊ, ನೀವು ಇಟ್ಟ ಬೆಲೆ ಎಲ್ಲ ಅಲ್ಲಿದೆ. ಕೆಳಗೆ ಕಾರ್ಡ್ ನಂಬರ್, ಸಿವಿವಿ, ಒಟಿಪಿ ಕೇಳುವ ಖಾಲಿ ಜಾಗ.

ಇಷ್ಟು ನಾಜೂಕಾದ ಪುಟವನ್ನು ಒಬ್ಬೊಬ್ಬ ಮಾರಾಟಗಾರನಿಗೂ ಕೂತು ಮಾಡುತ್ತಾರಾ? ಮಾಡಬೇಕಿಲ್ಲ. 2019ರಲ್ಲಿ ರಷ್ಯಾದಲ್ಲಿ ಕಾಣಿಸಿಕೊಂಡು ಆಮೇಲೆ ಯುರೋಪಿಗೆ ಹಬ್ಬಿದ ಒಂದು ಜಾಲಕ್ಕೆ ಗ್ರೂಪ್‌–ಐಬಿ ಅನ್ನುವ ಸೈಬರ್ ಭದ್ರತಾ ಕಂಪನಿ ‘ಕ್ಲಾಸಿಸ್ಕ್ಯಾಮ್’ ಅಂತ ಹೆಸರಿಟ್ಟಿತು. ಅಲ್ಲಿ ಟೆಲಿಗ್ರಾಂ ಬಾಟ್ ಒಂದಕ್ಕೆ, ಅಂದರೆ ಆ ಚಾಟ್ ಆ್ಯಪ್‌ನಲ್ಲಿ ತಾನೇ ಕೆಲಸ ಮಾಡುವ ಪ್ರೋಗ್ರಾಂಗೆ, ಜಾಹೀರಾತಿನ ವಿವರ ಕೊಟ್ಟರೆ ಸಾಕು, ನಕಲಿ ಪುಟವನ್ನು ಅದೇ ತಯಾರಿಸಿ ಕೊಡುತ್ತಿತ್ತು. ಮಾತಾಡಿಸುವವರು ಒಬ್ಬರು, ಪುಟ ಕೊಡುವವರು ಇನ್ನೊಬ್ಬರು, ಸಿಕ್ಕಿದ್ದರಲ್ಲಿ ಪಾಲು. ಇದೊಂದು ನೌಕರಿಯ ಹಾಗೆ ನಡೆಯುತ್ತದೆ. ನಿಮ್ಮ ಜೊತೆ ಚಾಟ್ ಮಾಡುತ್ತಿರುವವರು ತಾಳ್ಮೆಯಿಂದ, ಮರ್ಯಾದೆಯಿಂದ, ವ್ಯಾಕರಣ ತಪ್ಪದೆ ಬರೆಯುತ್ತಾರೆ ಅಂದಮಾತ್ರಕ್ಕೆ ನಂಬಬೇಕಿಲ್ಲ.

ಇಲ್ಲಿ ನೆನಪಿಡಬೇಕಾದ್ದು ಹಣ ಯಾವ ಕಡೆಗೆ ಹೋಗುತ್ತದೆ ಅನ್ನುವುದು. ಸಿವಿವಿ, ಒಟಿಪಿ ಬೇಕಾಗುವುದು ಕಾರ್ಡ್‌ನಿಂದ ಹಣ ಹೊರಗೆ ಹೋಗುವಾಗ. ಯುಪಿಐನಲ್ಲೂ ಪಿನ್ ಹಾಕುವುದು ಹಣ ಕೊಡುವವರು, ಪಡೆಯುವವರಲ್ಲ. “ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತೆ” ಅಂದರೆ ಬರುವುದಿಲ್ಲ, ಹೋಗುತ್ತದೆ.

ಕೆಲವರಿಗೆ ನಿಮ್ಮ ಹಣವೂ ಬೇಡ, ಕ್ಯಾಮೆರಾವೂ ಬೇಡ. “ನೀವು ನಿಜವಾದ ಮನುಷ್ಯರೇ ಅಂತ ಖಾತ್ರಿ ಮಾಡ್ಕೋಬೇಕು. ನಿಮಗೆ ಆರಂಕಿಯ ಒಂದು ಕೋಡ್ ಬರುತ್ತೆ, ಹೇಳಿ” ಅನ್ನುತ್ತಾರೆ. ಅಮೆರಿಕದಲ್ಲಿ ಈ ಕೋಡ್ ಬರುವುದು ಹೆಚ್ಚಾಗಿ ಇಂಟರ್ನೆಟ್ ಮೂಲಕ ಫೋನ್ ನಂಬರ್ ಕೊಡುವ ಗೂಗಲ್ ವಾಯ್ಸ್ ಸೇವೆಯಿಂದ. ಕೋಡ್ ಹೇಳಿದರೆ ನಿಮ್ಮ ನಂಬರ್‌ಗೆ ಜೋಡಿಸಿದ ಒಂದು ಹೊಸ ಫೋನ್ ನಂಬರ್ ಅವರ ಕೈಗೆ ಸಿಗುತ್ತದೆ. ಅದರಿಂದ ಇನ್ನೊಬ್ಬರಿಗೆ ಮೋಸ ಮಾಡುತ್ತಾರೆ. ಬೇರೆ ಕಡೆ ಇದೇ ಉಪಾಯದಿಂದ ವಾಟ್ಸ್‌ಆ್ಯಪ್ ಖಾತೆಯನ್ನೇ ಕದಿಯುತ್ತಾರೆ.

## ಬೇರೆ ಕಡೆ ಮಾತಾಡೋಣ ಅಂದರೆ

ಇಲ್ಲಿಯವರೆಗಿನ ಹೆಚ್ಚಿನ ಮೋಸಗಳಲ್ಲಿ ಒಂದು ಹೆಜ್ಜೆ ಸಮಾನ. ಮಾರುಕಟ್ಟೆಯ ಚಾಟ್ ಬಿಟ್ಟು ವಾಟ್ಸ್‌ಆ್ಯಪ್‌ಗೋ ಇಮೇಲ್‌ಗೋ ಬನ್ನಿ ಅನ್ನುವುದು. ಮಾರುಕಟ್ಟೆಯ ಚಾಟ್‌ನಲ್ಲಿ ಅನುಮಾನದ ಲಿಂಕ್‌ಗಳನ್ನು ಕಂಪ್ಯೂಟರ್ ತಾನೇ ತಡೆಯುವ ಸಾಧ್ಯತೆ ಇದೆ. ಆಡಿದ ಮಾತು ದಾಖಲೆಯಾಗಿ ಉಳಿಯುತ್ತದೆ. ನಾಳೆ ತಕರಾರು ಬಂದರೆ ಕಂಪನಿ ನೋಡುವುದು ಅದನ್ನೇ. ಹೊರಗೆ ಹೋದಿರೋ, ನಿಮ್ಮ ವಾದಕ್ಕೆ ಸಾಕ್ಷಿಯಿಲ್ಲ. ಕಮಿಷನ್ ಉಳಿಸೋಣ ಅಂತ ಎಷ್ಟೋ ಒಳ್ಳೆಯವರೂ ಹೀಗೆ ಕೇಳುತ್ತಾರೆ, ನಿಜ. ಆದರೆ ಆ ಕಮಿಷನ್‌ನ ಒಂದು ಪಾಲು ನಿಮ್ಮ ರಕ್ಷಣೆಯ ಬೆಲೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

## ನಿಜವಾಗಿ ಬಂದ ಹಣ ವಾಪಸ್ ಹೋಗುವುದು

ಈಗ ಕಷ್ಟದ ಭಾಗ. ಹಣ ನಿಜವಾಗಿ ಬಂದಿದೆ. ಆ್ಯಪ್‌ನಲ್ಲಿ ಕಾಣುತ್ತಿದೆ. ನೀವು ವಸ್ತು ಕಳಿಸಿದ್ದೀರಿ. ಆಮೇಲೆ “ತಲುಪಿಲ್ಲ” ಅನ್ನುವ ದೂರು.

ಇಂಥ ದೂರನ್ನು ಕಂಪನಿ ಅಥವಾ ಬ್ಯಾಂಕ್ ತೀರ್ಮಾನಿಸುವುದು ಕಾಗದದ ಮೇಲೆ. ಯಾರ ಮುಖ ನೋಡಿಯೂ ಅಲ್ಲ. ಟ್ರ್ಯಾಕಿಂಗ್‌ನಲ್ಲಿ “ತಲುಪಿದೆ” ಅಂತ ಇದೆಯಾ? ಆರ್ಡರ್‌ನಲ್ಲಿರುವ ವಿಳಾಸಕ್ಕೇ ಹೋಗಿದೆಯಾ? ಮುಖ್ಯ ಪ್ರಶ್ನೆಗಳು ಇವೇ. ಹಾಗಾಗಿ ಟ್ರ್ಯಾಕಿಂಗ್ ಇಲ್ಲದೆ ಕಳಿಸುವುದು ಉಳಿತಾಯ ಅಲ್ಲವೇ ಅಲ್ಲ. ದುಬಾರಿ ವಸ್ತುವಾದರೆ ಪಡೆದವರ ಸಹಿಯೂ ಬೇಕು. ಪೇಪಾಲ್ ತನ್ನ ಮಾರಾಟಗಾರರ ರಕ್ಷಣೆಯಲ್ಲಿ 750 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ವ್ಯವಹಾರಕ್ಕೆ ಸಹಿಯ ದಾಖಲೆ ಕೇಳುತ್ತದೆ.

ವಿಳಾಸದ ಆಟವೂ ಇಲ್ಲೇ ಬರುತ್ತದೆ. ಹಣ ಕೊಟ್ಟ ಮೇಲೆ “ಮನೆ ಬದಲಾಯಿಸಿದ್ದೀನಿ, ಈ ಹೊಸ ವಿಳಾಸಕ್ಕೆ ಕಳ್ಸಿ ಪ್ಲೀಸ್” ಅನ್ನುತ್ತಾರೆ. ನೀವು ಸಹಾಯ ಮಾಡಿದಿರಿ. ಆಮೇಲೆ ದೂರು: “ನನ್ನ ವಿಳಾಸಕ್ಕೆ ಏನೂ ಬಂದಿಲ್ಲ.” ದಾಖಲೆ ನೋಡಿದರೆ ಅವರು ಹೇಳಿದ್ದು ಸರಿ! ನೀವು ಆರ್ಡರ್‌ನಲ್ಲಿದ್ದ ವಿಳಾಸಕ್ಕೆ ಕಳಿಸಿಲ್ಲ. ಇಂಥ ಕೋರಿಕೆ ಬಂದರೆ ಆರ್ಡರ್ ರದ್ದು ಮಾಡಿ, ಹೊಸ ವಿಳಾಸ ಹಾಕಿ ಮತ್ತೆ ಕೊಳ್ಳಿ ಅನ್ನಿ. ಒಳ್ಳೆಯವರಿಗೆ ಅದು ಎರಡು ನಿಮಿಷದ ಕೆಲಸ.

“ಈ ಖರ್ಚು ನಾನು ಮಾಡಿಲ್ಲ” ಅನ್ನುವ ದೂರು ಇನ್ನೂ ಕೆಟ್ಟದ್ದು. ಕದ್ದ ಕಾರ್ಡ್‌ನಿಂದ ಹಣ ಬಂದಿದ್ದರೆ, ಕಾರ್ಡ್‌ನ ನಿಜವಾದ ಒಡೆಯರು ದೂರು ಕೊಡುತ್ತಾರೆ. ಅವರದು ತಪ್ಪಿಲ್ಲ. ನಿಮ್ಮದೂ ತಪ್ಪಿಲ್ಲ. ಕ್ಯಾಮೆರಾ ಮಾತ್ರ ಮೂರನೆಯವರ ಕೈಯಲ್ಲಿದೆ. ಮಾರುಕಟ್ಟೆಯ ಒಳಗೇ ವ್ಯವಹಾರ ಮುಗಿಸಿ, ಅದರ ನಿಯಮದಂತೆ ಕಳಿಸಿದ್ದರೆ ಈ ನಷ್ಟವನ್ನು ಕಂಪನಿ ಹೊರುವ ಅವಕಾಶವಿರುತ್ತದೆ. ಇಲ್ಲದಿದ್ದರೆ ಹೊರೆ ನಿಮ್ಮದೇ.

ನಿಯಮಗಳು ಕೊಳ್ಳುವವರ ಕಡೆಗೇ ವಾಲಿವೆ ಅಂತ ಮಾರುವವರು ಗೊಣಗುತ್ತಾರೆ. ವಾಲಿವೆ ಅನ್ನುವುದು ನಿಜವೇ. ಈಬೇಯಲ್ಲಿ 2008ರಿಂದ ಮಾರುವವರು ಕೊಳ್ಳುವವರಿಗೆ ಕೆಟ್ಟ ಅಭಿಪ್ರಾಯ ಬರೆಯುವಂತೆಯೇ ಇಲ್ಲ. ಕಾರಣವೂ ಇದೆ. ಕೊಳ್ಳುವವರು ಕಣ್ಣಲ್ಲಿ ಕಾಣದ ವಸ್ತುವಿಗೆ ಮೊದಲು ಹಣ ಕೊಡುತ್ತಾರೆ. ಆ ಧೈರ್ಯ ಬರಬೇಕಾದರೆ ಭರವಸೆ ಬೇಕು. ಆ ಭರವಸೆಯನ್ನೇ ಕೆಲವರು ಮೋಸಕ್ಕೆ ಬಾಗಿಲು ಮಾಡಿಕೊಳ್ಳುತ್ತಾರೆ.

## ವಾಪಸ್ ಬಂದ ಡಬ್ಬಿಯಲ್ಲಿ ಬೇರೆ ಕ್ಯಾಮೆರಾ

“ಕೆಲಸ ಮಾಡ್ತಿಲ್ಲ, ವಾಪಸ್ ಕಳಿಸ್ತೀನಿ.” ಸರಿ ಅಂತ ಒಪ್ಪುತ್ತೀರಿ. ಡಬ್ಬಿ ಬರುತ್ತದೆ. ಒಳಗೆ ಅದೇ ಮಾದರಿಯ, ಕೆಟ್ಟುಹೋದ ಇನ್ನೊಂದು ಕ್ಯಾಮೆರಾ. ಅವರ ಹಾಳಾದದ್ದು ನಿಮಗೆ, ನಿಮ್ಮ ಒಳ್ಳೆಯದು ಅವರಿಗೆ. ಕೆಲವೊಮ್ಮೆ ಒಳಗಿನ ಬಿಡಿಭಾಗ ಮಾತ್ರ ಬದಲಾಗಿರುತ್ತದೆ. ಇನ್ನು ಕೆಲವೊಮ್ಮೆ ಡಬ್ಬಿಯೇ ಖಾಲಿ.

ಇದನ್ನು ಎದುರಿಸುವ ಕೆಲಸ ಕಳಿಸುವ ದಿನವೇ ಶುರುವಾಗಬೇಕು. ಕ್ಯಾಮೆರಾದ ಕೆಳಭಾಗದಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತದೆ. ಅದರ ಫೋಟೊ ತೆಗೆಯಿರಿ, ಅಕ್ಷರ ಓದುವಷ್ಟು ಹತ್ತಿರದಿಂದ. ಲೆನ್ಸ್‌ಗೆ ಬೇರೆಯೇ ನಂಬರ್ ಇರುತ್ತದೆ, ಅದನ್ನೂ ಬಿಡಬೇಡಿ. ಶಟರ್ ಎಷ್ಟು ಸಲ ಬಿದ್ದಿದೆ, ಅಂದರೆ ಎಷ್ಟು ಫೋಟೊ ತೆಗೆದಿದೆ ಅನ್ನುವ ಲೆಕ್ಕವನ್ನು ಹಲವು ಕ್ಯಾಮೆರಾಗಳು ಇಟ್ಟುಕೊಂಡಿರುತ್ತವೆ. ಅದನ್ನು ಬರೆದಿಡಿ. ಆ ಸಂಖ್ಯೆ ಹೆಚ್ಚಬಹುದೇ ಹೊರತು ಬಳಸಿದರೆ ಕಡಿಮೆಯಾಗದು. ಫೋನ್ ಮಾರುತ್ತಿದ್ದರೆ *#06# ಒತ್ತಿ, ಆ ಫೋನ್‌ನ ಗುರುತಿನ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಅಂಚಿನ ಗೀರು, ಸವೆದ ಬಣ್ಣ, ಅಳಿಸಿದ ಅಕ್ಷರ – ಜಾಹೀರಾತಿಗೆ ಚೆನ್ನಾಗಿ ಕಾಣದ ಇವೆಲ್ಲ ಇಂಥ ಹೊತ್ತಲ್ಲಿ ನಿಮ್ಮ ಸಾಕ್ಷಿಗಳು. ಜಾಹೀರಾತಿನಲ್ಲೂ ಅವನ್ನು ತೋರಿಸಿ. “ಹೇಳಿದ್ದೊಂದು ಬಂದಿದ್ದೊಂದು” ಅನ್ನುವ ದೂರಿನ ಬಾಯಿ ಅರ್ಧ ಅಲ್ಲೇ ಮುಚ್ಚುತ್ತದೆ.

ಆಮೇಲೆ ಪ್ಯಾಕಿಂಗ್. ವಸ್ತು ಆನ್ ಆಗಿ ಕೆಲಸ ಮಾಡುವುದರಿಂದ ಹಿಡಿದು, ಡಬ್ಬಿಗೆ ಹಾಕಿ, ಟೇಪ್ ಸುತ್ತಿ, ವಿಳಾಸದ ಚೀಟಿ ಅಂಟಿಸುವವರೆಗೆ ಒಂದೇ ವಿಡಿಯೊ. ನಡುವೆ ಕತ್ತರಿಸಬೇಡಿ, ವಿಡಿಯೊ ತೆಗೆಯುತ್ತಿರುವ ಫೋನನ್ನು ಪಕ್ಕಕ್ಕೆ ತಿರುಗಿಸಬೇಡಿ. ಅಂಚೆಯವರೋ ಕೊರಿಯರ್‌ನವರೋ ತೂಕ ಹಾಕಿ ರಸೀದಿ ಕೊಡುತ್ತಾರಲ್ಲ, ಅದನ್ನು ಎಸೆಯಬೇಡಿ. ಡಬ್ಬಿ ಖಾಲಿ ಬಂತು ಅಂತ ಯಾರಾದರೂ ಹೇಳಿದರೆ, ಖಾಲಿ ಡಬ್ಬಿಗೆ ಅಷ್ಟು ತೂಕ ಎಲ್ಲಿಂದ ಬಂತು ಅಂತ ಕೇಳಲು ಆ ಚೀಟಿ ಬೇಕು. ವಾಪಸ್ ಬಂದ ಡಬ್ಬಿಯನ್ನು ತೆರೆಯುವಾಗಲೂ ವಿಡಿಯೊ ಮಾಡಿ. ತೆರೆದು ಪರೀಕ್ಷಿಸುವ ಮೊದಲು ಹಣ ಮರಳಿಸಬೇಡಿ.

ವಸ್ತು ಇಟ್ಟುಕೊಂಡೇ ಬೆದರಿಸುವವರೂ ಇದ್ದಾರೆ. “ಅರ್ಧ ದುಡ್ಡು ವಾಪಸ್ ಕೊಡಿ, ಇಲ್ಲಾಂದ್ರೆ ಕೆಟ್ಟ ರಿವ್ಯೂ ಹಾಕ್ತೀನಿ.” ಹೊಸಬರಿಗೆ ರಿವ್ಯೂ ಅಂದರೆ ಜೀವ, ಅದು ಅವರಿಗೂ ಗೊತ್ತು. ಉತ್ತರ ಸರಳ: “ತೊಂದರೆ ಇದ್ದರೆ ವಸ್ತು ವಾಪಸ್ ಕಳಿಸಿ, ಪೂರ್ತಿ ಹಣ ಕೊಡ್ತೀನಿ.” ಇದನ್ನು ಮಾರುಕಟ್ಟೆಯ ಚಾಟ್‌ನಲ್ಲೇ ಬರೆಯಿರಿ. ಹೀಗೆ ಬೆದರಿಸುವುದು ಈಬೇಯಂಥ ಕಡೆ ನಿಯಮಕ್ಕೆ ವಿರುದ್ಧ, ಕಂಪನಿಗೆ ದೂರು ಕೊಡಬಹುದು.

## ಕೈಯಿಂದ ಕೈಗೆ ಕೊಡುವಾಗ

ಎದುರಾಬದುರು ಭೇಟಿಯಲ್ಲಿ ಅರ್ಧ ಮೋಸಗಳು ತಾವಾಗಿಯೇ ಸಾಯುತ್ತವೆ. ಹಗಲು ಹೊತ್ತು, ಜನ ಓಡಾಡುವ ಜಾಗ ಇರಲಿ. ನಗದು ಕೊಟ್ಟರೆ ಅಲ್ಲೇ ಎಣಿಸಿ, ನೋಟು ಪರೀಕ್ಷಿಸಿ. ಮುಜುಗರ ಬೇಡ. ಫೋನ್‌ನಲ್ಲಿ ಹಣ ಹಾಕಿದರೆ ನಿಮ್ಮ ಖಾತೆಯಲ್ಲಿ ಕಾಣುವವರೆಗೆ ವಸ್ತು ನಿಮ್ಮ ಕೈಯಲ್ಲೇ ಇರಲಿ. “ಸರ್ವರ್ ಡೌನ್, ಸಂಜೆಯೊಳಗೆ ಬರುತ್ತೆ” ಅಂದರೆ ಸಂಜೆ ಮತ್ತೆ ಸಿಗೋಣ ಅನ್ನಿ.

ಇಲ್ಲೊಂದು ಸೂಕ್ಷ್ಮ ಇದೆ. ವಾಪಸ್ ಎಳೆಯಬಹುದಾದ ದಾರಿಯಲ್ಲಿ, ಅಂದರೆ ಕಾರ್ಡ್ ಅಥವಾ ಪೇಪಾಲ್‌ನಂಥದ್ದರಲ್ಲಿ ಹಣ ಪಡೆದು ವಸ್ತುವನ್ನು ಕೈಗೆ ಕೊಟ್ಟರೆ, ನಿಮ್ಮ ಬಳಿ ಟ್ರ್ಯಾಕಿಂಗ್ ಇರುವುದಿಲ್ಲ. ನಾಳೆ “ಬಂದಿಲ್ಲ” ಅಂದರೆ ಕೊಟ್ಟಿದ್ದೇವೆ ಅಂತ ತೋರಿಸಲು ಏನೂ ಇಲ್ಲ. ಕೈಗೆ ಕೊಡುವ ವಸ್ತುವಿಗೆ ನಗದೇ ವಾಸಿ.

## ಮೋಸ ಆಗಿಹೋಗಿದ್ದರೆ

ಹಣ ಕಳಿಸಿಬಿಟ್ಟಿದ್ದರೆ ಮೊದಲ ಫೋನ್ ಬ್ಯಾಂಕಿಗೆ. ಹಣ ಮೋಸಗಾರರ ಖಾತೆಯಿಂದ ಹೊರಬೀಳುವ ಮೊದಲು ತಡೆಯಲು ಸಾಧ್ಯವಾದರೆ ಅದು ಆ ಮೊದಲ ಹೊತ್ತಿನಲ್ಲೇ. ಕಾರ್ಡ್ ವಿವರ ಕೊಟ್ಟಿದ್ದರೆ ಕಾರ್ಡ್ ಬ್ಲಾಕ್ ಮಾಡಿಸಿ. ಪಾಸ್‌ವರ್ಡ್ ಕೊಟ್ಟಿದ್ದರೆ ಬದಲಾಯಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆಯೂ ಇದ್ದರೆ ಅಲ್ಲೂ ಬದಲಾಯಿಸಿ. ವಸ್ತು ಇನ್ನೂ ದಾರಿಯಲ್ಲಿದ್ದರೆ ಕೊರಿಯರ್‌ನವರಿಗೆ ಹೇಳಿ ನಿಲ್ಲಿಸಲು ನೋಡಿ. ಚಾಟ್ ಅಳಿಸಬೇಡಿ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಖಾತೆಯನ್ನು ಬ್ಲಾಕ್ ಮಾಡುವುದಕ್ಕೆ ಮೊದಲು ಅದರ ಹೆಸರು, ಲಿಂಕ್ ಬರೆದಿಟ್ಟುಕೊಳ್ಳಿ. ಆಮೇಲೆ ಮಾರುಕಟ್ಟೆಯ ಕಂಪನಿಗೆ ಮತ್ತು ಪೊಲೀಸರಿಗೆ ದೂರು.

ದೂರು ಕೊಟ್ಟ ಕೆಲವು ದಿನಗಳಲ್ಲಿ ಇನ್ನೊಂದು ಮೆಸೇಜ್ ಬರುವ ಸಾಧ್ಯತೆ ಇದೆ. ಕಳೆದುಹೋದ ಹಣ ವಾಪಸ್ ತರಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಮೊದಲೇ ಕಟ್ಟಬೇಕು ಅಂತ. ವಕೀಲರು, ಸೈಬರ್ ತಜ್ಞರು, ಕೆಲವೊಮ್ಮೆ ಪೊಲೀಸರು ಅಂತಲೂ ಹೇಳಿಕೊಳ್ಳುತ್ತಾರೆ. ಏಮಾರಿದವರ ಹೆಸರು, ನಂಬರ್‌ಗಳ ಪಟ್ಟಿಯನ್ನು ಮೋಸಗಾರರು ತಮ್ಮತಮ್ಮಲ್ಲೇ ಮಾರುತ್ತಾರೆ. ಕೆಲವು ಸಲ ಮೊದಲು ಮೋಸ ಮಾಡಿದವರೇ ಹೊಸ ಹೆಸರಲ್ಲಿ ಬಂದಿರುತ್ತಾರೆ. ಮೊದಲೇ ಶುಲ್ಕ ಕೇಳಿದರು ಅಂದರೆ ಉತ್ತರ ಬರೆಯಲೇ ಹೋಗಬೇಡಿ.